ಚಿತ್ರದ ಚುಕ್ಕಿಯೂ ಅದರ ಪ್ರಮಾಣವೂ

ತೆರೆಯ ಮೇಲೆ ಪಾಠವನ್ನು ತೋರಿಸುವುದು ಇಂದು ಶಾಲೆಗಳಲ್ಲಿ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಕರಿಹಲಗೆಯ ಮಗ್ಗುಲಲ್ಲಿ ದೂರದರ್ಶನದ ತೆರೆಯೋ ಪ್ರೊಜೆಕ್ಟರೋ ಬಂದು ನಿಂತಿದೆ. ಮನೆಗೆ ಹೋದರೆ ತಂದೆತಾಯಿಗಳ ಮೊಬೈಲಿನಲ್ಲಿ ಅದೇ ಪಾಠ ಮತ್ತೊಮ್ಮೆ ದೊರೆಯುತ್ತದೆ. ಆದರೆ ತೆರೆಯ ಮೇಲೆ ಕಾಣುವ ಚಿತ್ರವು ನಿಜವಾದ ಆಕಾರದಲ್ಲಿಯೇ ಇದೆಯೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ವೃತ್ತವು ಮೊಟ್ಟೆಯಂತೆ ಕಂಡರೂ, ಮನುಷ್ಯರು ಕುಳ್ಳಗೆ ದಪ್ಪಗೆ ಕಂಡರೂ, ‘ತೆರೆಯೇ ಹಾಗೆ’ ಎಂದು ಸುಮ್ಮನಾಗುವುದು ವಾಡಿಕೆ. ತೆರೆಯ ಸ್ವಭಾವವೇ ಹಾಗಲ್ಲ. ಇದಕ್ಕೆ ಒಂದು ಕಾರಣವಿದೆ. ಕಾರಣಕ್ಕೆ ಒಂದು ಲೆಕ್ಕವಿದೆ. ಆ ಲೆಕ್ಕವನ್ನು ಏಳನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲನು. ಅದನ್ನೇ ಈ ಲೇಖನದಲ್ಲಿ ವಿಚಾರ ಮಾಡುವೆವು.

ಜೂರಾಲದ ಸುತ್ತಣ ನಮ್ಮ ಸೀಮೆಗೆ ಈ ವಿಷಯವು ವಿಶೇಷವಾಗಿ ಅಗತ್ಯವಾದುದು. ಹಳೆಯ ಮಹಬೂಬ್‌ನಗರ ಜಿಲ್ಲೆಯಿಂದ 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ರೂಪುಗೊಂಡವು. ಹಳೆಯ ಭೂಪಟಗಳಲ್ಲಿ ಈ ಎಲ್ಲೆಗಳಿಲ್ಲ. ಕೃಷ್ಣಾ ಮಂಡಲದಂಥ ಗಡಿಭಾಗದಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ತಮ್ಮ ಜಿಲ್ಲೆಯ ನಕ್ಷೆಯನ್ನು ಕನ್ನಡ ಅಕ್ಷರಗಳಲ್ಲಿ ತೋರಿಸಬೇಕಾದರೆ ಉಪಾಧ್ಯಾಯರೂ ಹಿರಿಯ ವಿದ್ಯಾರ್ಥಿಗಳೂ ಅನೇಕ ವೇಳೆ ಅದನ್ನು ತಾವೇ ಬರೆದುಕೊಳ್ಳಬೇಕಾಗುತ್ತದೆ. ತಾವೇ ಬರೆಯುವವರು ಸರಿಯಾಗಿ ಬರೆಯುವ ವಿಧಾನವನ್ನೂ ತಿಳಿದಿರತಕ್ಕದ್ದು.

1. ಚುಕ್ಕಿ ಎಂದರೇನು?

ತೆರೆಯ ಮೇಲಣ ಪ್ರತಿಯೊಂದು ಚಿತ್ರವೂ ಸಣ್ಣ ಸಣ್ಣ ಚುಕ್ಕಿಗಳಿಂದ ಕೂಡಿದುದು. ಈ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ‘1920×1080’ ಎಂದರೆ ಅಡ್ಡಸಾಲಿಗೆ 1920 ಚುಕ್ಕಿಗಳಂತೆ 1080 ಸಾಲುಗಳು ಎಂದು ಅರ್ಥ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಅಂಕೆಗಳು ಚುಕ್ಕಿಗಳ ಎಣಿಕೆಯನ್ನು ಮಾತ್ರ ಹೇಳುತ್ತವೆ. ಚಿತ್ರದ ಆಕಾರವನ್ನು ಹೇಳುವುದಿಲ್ಲ.

ಅಂಗಳದ ರಂಗೋಲಿಯನ್ನು ನೆನೆಯಿರಿ. ಸಾಲಿಗೆ ಏಳರಂತೆ ಏಳು ಸಾಲು ಚುಕ್ಕಿಗಳನ್ನು ಇಟ್ಟು ಹೂವನ್ನು ಬರೆಯುತ್ತಾರೆ. ಚುಕ್ಕಿಗೂ ಚುಕ್ಕಿಗೂ ಎರಡು ಬೆರಳಿನ ಅಂತರ, ಸಾಲಿಗೂ ಸಾಲಿಗೂ ಎರಡು ಬೆರಳಿನ ಅಂತರವಿದ್ದರೆ ಹೂವು ದುಂಡಗೆ ಬರುತ್ತದೆ. ಸಾಲುಗಳ ಅಂತರವನ್ನು ಮಾತ್ರ ನಾಲ್ಕು ಬೆರಳಿಗೆ ಏರಿಸಿದರೆ? ಚುಕ್ಕಿಗಳು ಅವೇ, ಎಣಿಕೆ ಅದೇ, ಗೆರೆ ಎಳೆದ ಕೈಯೂ ಅದೇ. ಆದರೂ ಹೂವು ಉದ್ದಕ್ಕೆ ಜಗ್ಗಿದಂತೆ ಕಾಣುವುದು. ಆದುದರಿಂದ ಆಕಾರವನ್ನು ನಿಶ್ಚಯಿಸುವುದಕ್ಕೆ ಎಣಿಕೆಯೊಂದೇ ಸಾಲದು. ಒಂದೊಂದು ಚುಕ್ಕಿಯ ಅಗಲಕ್ಕೂ ಎತ್ತರಕ್ಕೂ ಇರುವ ಸಂಬಂಧವೂ ಬೇಕು. ಅಗಲವನ್ನು ಎತ್ತರದಿಂದ ಭಾಗಿಸಿದರೆ ಬರುವ ಅಂಕೆಯೇ ಚುಕ್ಕಿಯ ಪ್ರಮಾಣ. ಅದು 1 ಆಗಿದ್ದರೆ ಚುಕ್ಕಿಯು ಚೌಕ, 1ಕ್ಕಿಂತ ಹೆಚ್ಚಾದರೆ ಅಡ್ಡಗಲ, ಕಡಿಮೆಯಾದರೆ ಉದ್ದ.

2. ಮಗ್ಗದ ಮನೆಯಲ್ಲಿ ಇದೇ ಪಾಠ

ಈ ತತ್ತ್ವವು ದೂರದರ್ಶನದಿಂದ ಹುಟ್ಟಿದುದಲ್ಲ. ನಾರಾಯಣಪೇಟೆ ಮತ್ತು ಗದ್ವಾಲದ ಸೀರೆಗಳ ಹೆಸರನ್ನು ಕೇಳದವರು ಯಾರು? ನಾರಾಯಣಪೇಟೆಯ ಚೌಕುಳಿಯ ಒಡಲು, ಗದ್ವಾಲದ ಹತ್ತಿಯ ಒಡಲಿಗೆ ಕೂಡಿಸಿದ ರೇಷ್ಮೆಯ ಅಂಚು ಸೆರಗುಗಳು ನಾಡಿನಲ್ಲೆಲ್ಲ ಪ್ರಸಿದ್ಧವಾಗಿವೆ. ನೇಯ್ದ ಬಟ್ಟೆಯಲ್ಲಿ ಹಾಸಿನ ಎಳೆಯನ್ನು ಹೊಕ್ಕಿನ ಎಳೆಯು ದಾಟುವ ಒಂದೊಂದು ಸ್ಥಳವೂ ಒಂದು ಚುಕ್ಕಿಯೇ ಸರಿ. ಫ್ರಾನ್ಸ್ ದೇಶದ ಜೋಸೆಫ್ ಮರಿ ಜಕಾರ್ಡನು 1804ರ ಸುಮಾರಿಗೆ ರೂಪಿಸಿದ ಯಂತ್ರದಲ್ಲಿ, ರಟ್ಟಿನ ಪಟ್ಟಿಗಳಿಗೆ ಕೊರೆದ ರಂಧ್ರಗಳು ಯಾವ ಎಳೆ ಮೇಲೇಳಬೇಕೆಂಬುದನ್ನು ಹೇಳುತ್ತವೆ. ಆ ರಂಧ್ರಗಳನ್ನು ಕೊರೆಯುವ ಮೊದಲು ನಕ್ಷೆಯನ್ನು ಚೌಕುಳಿ ಗೆರೆಗಳ ಕಾಗದದ ಮೇಲೆ ಬರೆದುಕೊಳ್ಳುತ್ತಾರೆ.

ಉದಾಹರಣೆಗಾಗಿ, ಒಂದು ಬಟ್ಟೆಯಲ್ಲಿ ಅಂಗುಲಕ್ಕೆ ಹಾಸಿನ ಎಳೆಗಳು 80, ಹೊಕ್ಕಿನ ಎಳೆಗಳು 60 ಎಂದು ಇಟ್ಟುಕೊಳ್ಳೋಣ. ಒಂದಂಗುಲದ ದುಂಡು ಹೂವು ಬರಬೇಕಾದರೆ ನಕ್ಷೆಯಲ್ಲಿ ಅದು 80 ಮನೆ ಅಗಲ, 60 ಮನೆ ಎತ್ತರವಿರಬೇಕು. ಇದನ್ನರಿಯದೆ ಸಮಚೌಕದ ಕಾಗದದ ಮೇಲೆ 60 ಮನೆ ಅಗಲ, 60 ಮನೆ ಎತ್ತರದ ಹೂವನ್ನು ಬರೆದರೆ, ಬಟ್ಟೆಯಲ್ಲಿ ಅದು ಮುಕ್ಕಾಲಂಗುಲ ಅಗಲ, ಒಂದಂಗುಲ ಎತ್ತರವಾಗಿ ಕೋಳಿಯ ಮೊಟ್ಟೆಯಂತೆ ನಿಲ್ಲುವುದು. ಇದಕ್ಕಾಗಿಯೇ ನಕ್ಷೆಗಾರರು ಮನೆಗಳೇ 3ಕ್ಕೆ 4ರ ಪ್ರಮಾಣದಲ್ಲಿರುವ ಕಾಗದವನ್ನು ಹಿಡಿಯುತ್ತಾರೆ. ಒಂದು ಸಮಚೌಕದೊಳಗೆ ಅಡ್ಡಕ್ಕೆ 8 ಮನೆ, ಉದ್ದಕ್ಕೆ 6 ಮನೆ ಹಿಡಿಯುವಂತೆ ಗೆರೆ ಹೊಡೆದ ಆ ಕಾಗದದಲ್ಲಿ ಕಣ್ಣಿಗೆ ದುಂಡಗೆ ಕಂಡದ್ದು ಬಟ್ಟೆಯಲ್ಲಿಯೂ ದುಂಡಗೆ ಬರುತ್ತದೆ. ಬಟ್ಟೆಯ ಎಳೆ ಎಷ್ಟೆಂದು ತಿಳಿಯದೆ ನಕ್ಷೆ ಬರೆಯಲಾಗದು. ಹಾಗೆಯೇ ತೆರೆಯ ಚುಕ್ಕಿ ಎಂಥದೆಂದು ತಿಳಿಯದೆ ಚಿತ್ರ ಬರೆಯಲಾಗದು.

3. ದೂರದರ್ಶನದ ಚುಕ್ಕಿ ಚೌಕವಾಗಲಿಲ್ಲವೇಕೆ?

ನಮ್ಮ ಕಡೆಯ ಹಳ್ಳಿಗಳಿಗೆ ದೂರದರ್ಶನವು ಮೊದಲು ಬಂದುದೇ ಪಾಠ ಹೇಳುವುದಕ್ಕಾಗಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಶಿಕ್ಷಣದ ಕಾರ್ಯಕ್ರಮಗಳನ್ನು ಕಳುಹಿಸುವ ಪ್ರಯೋಗವೊಂದು ನಡೆಯಿತು. ಅಂದಿನ ಆಂಧ್ರಪ್ರದೇಶವೂ ಕರ್ನಾಟಕವೂ ಅದರಲ್ಲಿದ್ದವು. ನಮ್ಮ ನೆರೆಯ ರಾಯಚೂರು, ಕಲಬುರಗಿ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಆ ಕಾಲದ ದೂರದರ್ಶನ ಕೇಂದ್ರಗಳಲ್ಲಿ ಚಿತ್ರಕಾರರು ರಟ್ಟಿನ ಮೇಲೆ ಕೈಯಿಂದ ಬರೆದು, ಅದನ್ನು ಕ್ಯಾಮೆರಾದ ಎದುರಿಗೆ ನಿಲ್ಲಿಸುತ್ತಿದ್ದರು. ರಟ್ಟಿನ ಮೇಲೆ ದುಂಡಗಿದ್ದ ಸೂರ್ಯನು ತೆರೆಯ ಮೇಲೂ ದುಂಡಗೆ ಕಾಣುತ್ತಿದ್ದನು. ರಟ್ಟಿನ ಅಗಲ ಎತ್ತರಗಳು 4ಕ್ಕೆ 3ರಂತಿದ್ದರೆ ಸಾಕಾಗಿತ್ತು. ಚುಕ್ಕಿಯ ಚಿಂತೆ ಇರಲಿಲ್ಲ.

ಚಿತ್ರವನ್ನು ಅಂಕೆಗಳಾಗಿ ಮಾಡಿ ಇಡುವ ಕಾಲ ಬಂದಾಗ ಈ ತೊಡಕು ಹುಟ್ಟಿತು. ಹಳೆಯ ದೂರದರ್ಶನದಲ್ಲಿ ಮೇಲಿನಿಂದ ಕೆಳಗೆ ಗೆರೆಗಳನ್ನು ಎಣಿಸಬಹುದಾಗಿತ್ತು. ಒಂದು ಗೆರೆಯ ಒಳಗೆ ಮಾತ್ರ ಚಿತ್ರವು ಹೊಳೆಯ ನೀರಿನಂತೆ ಕಡಿವಡೆಯದೆ ಹರಿಯುತ್ತಿತ್ತು. ಭಾರತವು ಅನುಸರಿಸಿದ ಪದ್ಧತಿಯಲ್ಲಿ ಗೆರೆಗಳು 625. ಅವುಗಳಲ್ಲಿ ಚಿತ್ರವನ್ನು ಹೊರುವವು 576. ಅಮೆರಿಕ, ಜಪಾನುಗಳ ಪದ್ಧತಿಯಲ್ಲಿ ಗೆರೆಗಳು 525. ಅಂಕೆಗಿಳಿಸಿದಾಗ ಚಿತ್ರಕ್ಕೆ ಉಳಿದವು ಸಾಮಾನ್ಯವಾಗಿ 480. ಎರಡೂ ಪದ್ಧತಿಗಳ ಉಪಕರಣಗಳು ಆದಷ್ಟು ಒಂದೇ ಬಗೆಯವಾಗಿರಲೆಂದು 1982ರಲ್ಲಿ ಅಂತರರಾಷ್ಟ್ರೀಯ ನಿಯಮವೊಂದು ಏರ್ಪಟ್ಟು, ಯಾವ ಪದ್ಧತಿಯಾದರೂ ಒಂದು ಗೆರೆಯನ್ನು 720 ಚುಕ್ಕಿಗಳಾಗಿ ಕತ್ತರಿಸಬೇಕೆಂದು ನಿಶ್ಚಯವಾಯಿತು. ಉಪಕರಣಗಳಿಗೆ ಇದರಿಂದ ಅನುಕೂಲವಾಯಿತು. ಆದರೆ ಒಂದೇ ಅಗಲದ ತೆರೆಯಲ್ಲಿ 720 ಚುಕ್ಕಿಗಳನ್ನು ಒಂದು ಕಡೆ 576 ಸಾಲಿಗೂ ಇನ್ನೊಂದು ಕಡೆ 480 ಸಾಲಿಗೂ ಹೊಂದಿಸಿದ ಮೇಲೆ, ಎರಡರಲ್ಲಿಯೂ ಚುಕ್ಕಿಯು ಚೌಕವಾಗಿ ಉಳಿಯಲಿಲ್ಲ.

4. ಲೆಕ್ಕದ ಸೂತ್ರ

ಸೂತ್ರವು ಬಹಳ ಸುಲಭ. ತೆರೆಯ ಅಗಲವನ್ನು ಎತ್ತರದಿಂದ ಭಾಗಿಸಿರಿ. ಚುಕ್ಕಿಗಳ ಅಡ್ಡ ಎಣಿಕೆಯನ್ನು ಸಾಲುಗಳ ಎಣಿಕೆಯಿಂದ ಭಾಗಿಸಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಚುಕ್ಕಿಯ ಪ್ರಮಾಣ ದೊರೆಯುತ್ತದೆ.

ಹಳೆಯ 4:3 ತೆರೆ, 720×576 ಚುಕ್ಕಿ: 720ನ್ನು 576ರಿಂದ ಭಾಗಿಸಿದರೆ 5/4. 4/3ನ್ನು 5/4ರಿಂದ ಭಾಗಿಸಿದರೆ 16/15. ಚುಕ್ಕಿಯು ತುಸು ಅಡ್ಡಗಲ.

ಅದೇ ತೆರೆ, 720×480 ಚುಕ್ಕಿ: 4/3ನ್ನು 3/2ರಿಂದ ಭಾಗಿಸಿದರೆ 8/9. ಚುಕ್ಕಿಯು ಉದ್ದ.

16:9ರ ಅಗಲ ತೆರೆ, 720×576 ಚುಕ್ಕಿ: 16/9ನ್ನು 5/4ರಿಂದ ಭಾಗಿಸಿದರೆ 64/45, ಅಂದರೆ ಸುಮಾರು 1.42. ಅನೇಕ ಡಿವಿಡಿಗಳಲ್ಲಿ ಚಿತ್ರವಿರುವುದು ಹೀಗೆಯೇ.

16:9ರ ತೆರೆ, 1920×1080 ಚುಕ್ಕಿ: 16/9ನ್ನು 16/9ರಿಂದ ಭಾಗಿಸಿದರೆ 1. ಚುಕ್ಕಿಯು ಅಚ್ಚುಕಟ್ಟಾದ ಚೌಕ.

ಕೆಲವು ತಂತ್ರಾಂಶಗಳಲ್ಲಿ ಮೊದಲನೆಯದಕ್ಕೆ 16/15ರ (1.067) ಬದಲು 1.09 ಎಂಬ ಅಂಕೆ ಕಾಣಿಸುವುದುಂಟು. ಅದನ್ನು ಕಂಡು ವಿದ್ಯಾರ್ಥಿಗಳು ಗಾಬರಿಯಾಗಬೇಕಿಲ್ಲ. ನಿಷ್ಕೃಷ್ಟವಾಗಿ ನೋಡಿದರೆ 720 ಚುಕ್ಕಿಗಳಲ್ಲಿ ಸುಮಾರು 702 ಮಾತ್ರ 4:3ರ ಚಿತ್ರದೊಳಗೆ ಸೇರುತ್ತವೆ, ಉಳಿದವು ಎರಡು ಅಂಚಿನ ಕಾಪಿಗೆ. 702ನ್ನು ಇಟ್ಟು ಅದೇ ಲೆಕ್ಕ ಮಾಡಿದರೆ 1.09 ಬರುತ್ತದೆ. ಶಾಲೆಯ ಕೆಲಸಕ್ಕೆ ಯಾವುದಾದರೊಂದನ್ನು ಹಿಡಿದು ಕೊನೆಯವರೆಗೂ ಅದನ್ನೇ ಅನುಸರಿಸಿದರೆ ಸಾಕು.

ಈ ಲೆಕ್ಕದ ಪ್ರಯೋಜನವೇನೆಂದರೆ: ಗಣಕದ ತೆರೆಯ ಚುಕ್ಕಿಗಳು ಸಾಮಾನ್ಯವಾಗಿ ಚೌಕವಾದವು. ಅಲ್ಲಿ 720×576ರ ಹಾಳೆಯ ಮೇಲೆ 300 ಚುಕ್ಕಿಯ ವೃತ್ತವನ್ನು ಬರೆದು ಹಳೆಯ ದೂರದರ್ಶನಕ್ಕೆ ಕಳುಹಿಸಿದರೆ, ಎತ್ತರವು 300 ಇದ್ದಂತೆಯೇ ಇದ್ದು ಅಗಲವು 320ರಷ್ಟಾಗಿ ಕಾಣುವುದು. ಇದಕ್ಕೆ ಪರಿಹಾರ: ಮೊದಲು 768×576ರ ಹಾಳೆಯ ಮೇಲೆ ಬರೆಯುವುದು, ಏಕೆಂದರೆ 720ನ್ನು 16/15ರಿಂದ ಗುಣಿಸಿದರೆ 768. ಎಲ್ಲ ಮುಗಿದ ಮೇಲೆ ಅಗಲವನ್ನು ಮಾತ್ರ 720ಕ್ಕೆ ಇಳಿಸುವುದು. ಗಣಕದಲ್ಲಿ ಆಗ ವೃತ್ತವು ಚಪ್ಪಟೆಯಾಗಿ ಕಾಣುತ್ತದೆ. ತೆರೆಗೆ ಹೋದಾಗ ದುಂಡಗಾಗುತ್ತದೆ. ಡಿವಿಡಿಯ ಅಗಲ ಚಿತ್ರಕ್ಕೆ ಇದೇ ರೀತಿ 1024×576ರ ಹಾಳೆಯನ್ನು ಹಿಡಿಯತಕ್ಕದ್ದು.

5. ಜಗ್ಗಿದ ನಕ್ಷೆ ಹೇಳುವ ಸುಳ್ಳು

‘ಈಗಿನ ತೆರೆಗಳ ಚುಕ್ಕಿಯು ಚೌಕವಾಗಿರುವಾಗ ಈ ಲೆಕ್ಕವೇಕೆ?’ ಎಂದು ಕೇಳಬಹುದು. ಚುಕ್ಕಿ ಚೌಕವಾಗಿದ್ದರೂ, 4:3ರಲ್ಲಿ ಬರೆದ ಚಿತ್ರವನ್ನು 16:9ರ ತೆರೆಯ ತುಂಬ ಬಲವಂತವಾಗಿ ಹರಡಿದರೆ ಫಲವು ಅದೇ. ಅಲ್ಲಿ ಪ್ರತಿಯೊಂದು ಚುಕ್ಕಿಯೂ 4/3ರ ಪ್ರಮಾಣಕ್ಕೆ ಹಿಗ್ಗುತ್ತದೆ. ಅಂದರೆ ಅಗಲವು ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಇಂದು ಶಾಲೆಗಳಲ್ಲಿ ಹೆಚ್ಚಾಗಿ ಕಂಡುಬರುವ ದೋಷವಿದು.

ಇದರಿಂದ ಆಗುವ ಹಾನಿಯನ್ನು ನಮ್ಮ ಸೀಮೆಯ ನಕ್ಷೆಯಿಂದಲೇ ತೋರಿಸಬಹುದು. ರಾಯಚೂರಿನಿಂದ ಗದ್ವಾಲವು ಬಹುಮಟ್ಟಿಗೆ ನೇರ ಪೂರ್ವಕ್ಕಿದೆ. ದಾರಿಯ ಸುತ್ತನ್ನು ಬಿಟ್ಟು ನೇರವಾಗಿ ಅಳೆದರೆ ಸುಮಾರು 48 ಕಿಲೋಮೀಟರು. ನಾರಾಯಣಪೇಟೆಯಿಂದ ಮಕ್ತಲವು ಬಹುಮಟ್ಟಿಗೆ ನೇರ ದಕ್ಷಿಣಕ್ಕೆ. ಸುಮಾರು 27 ಕಿಲೋಮೀಟರು. ಸೆಂಟಿಮೀಟರಿಗೆ 4 ಕಿಲೋಮೀಟರಿನಂತೆ ಬರೆದ ನಕ್ಷೆಯಲ್ಲಿ ಮೊದಲನೆಯದು 12 ಸೆಂಟಿಮೀಟರು, ಎರಡನೆಯದು ಆರೂಮುಕ್ಕಾಲು. ಇದೇ ನಕ್ಷೆಯನ್ನು ಎತ್ತರವನ್ನು ಹಾಗೆಯೇ ಇಟ್ಟು ಅಗಲಕ್ಕೆ ಮಾತ್ರ ಜಗ್ಗಿ ತೆರೆಗೆ ಹರಡಿದರೆ, ಆರೂಮುಕ್ಕಾಲು ಸೆಂಟಿಮೀಟರು ಇದ್ದಂತೆಯೇ ಉಳಿಯುತ್ತದೆ. 12 ಸೆಂಟಿಮೀಟರು 16 ಆಗುತ್ತದೆ. ಅಳತೆಪಟ್ಟಿ ಹಿಡಿದು ಲೆಕ್ಕ ಹಾಕಿದ ಮಗುವು ರಾಯಚೂರಿಗೂ ಗದ್ವಾಲಕ್ಕೂ 64 ಕಿಲೋಮೀಟರು ಎಂದು ಬರೆದುಕೊಳ್ಳುವುದು. ಅದರ ಗಣಿತದಲ್ಲಿ ತಪ್ಪಿಲ್ಲ, ಅಳತೆಯಲ್ಲಿಯೂ ತಪ್ಪಿಲ್ಲ. ನಂಬಿದ ಚಿತ್ರವೇ ಸುಳ್ಳು ಹೇಳಿತು. ತಂಗಡಿಯ ಬಳಿ ಭೀಮೆಯು ಕೃಷ್ಣೆಯನ್ನು ಕೂಡುವ ಕೋನವೂ, ಅಲ್ಲಿಂದ ಮುಂದೆ ಜೂರಾಲದವರೆಗೆ ಹೊಳೆ ತಿರುಗುವ ತಿರುವುಗಳೂ ಇದೇ ರೀತಿ ಕೆಡುತ್ತವೆ.

ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಎಂಜಿನಿಯರರು ಹೊಳೆಯ ಉದ್ದುದ್ದ ಛೇದಚಿತ್ರವನ್ನು ಬರೆಯುವಾಗ ಎತ್ತರವನ್ನು ಬೇಕೆಂದೇ ಹಿಗ್ಗಿಸುತ್ತಾರೆ. ಜೂರಾಲದ ಜಲಾಶಯದ ಪೂರ್ಣಮಟ್ಟವು ಸಮುದ್ರಮಟ್ಟದಿಂದ 318.516 ಮೀಟರು. ಹಲವು ಕಿಲೋಮೀಟರು ಉದ್ದದ ಹೊಳೆಯ ಪಾತ್ರದಲ್ಲಿ ಕೆಲವೇ ಮೀಟರುಗಳ ಏರಿಳಿತವನ್ನು ಒಂದೇ ಅಳತೆಯಲ್ಲಿ ಬರೆದರೆ ಗೆರೆಯು ಚಪ್ಪಟೆಯಾಗಿ ಏನೂ ಕಾಣದು. ಆದರೆ ಅವರು ಅಡ್ಡದ ಅಳತೆ ಇಷ್ಟು, ಎತ್ತರದ ಅಳತೆ ಇಷ್ಟು ಎಂದು ಚಿತ್ರದ ಮೇಲೆಯೇ ಬರೆದಿರುತ್ತಾರೆ. ಹೇಳಿ ಹಿಗ್ಗಿಸಿದುದು ಶಾಸ್ತ್ರ. ಹೇಳದೆ ಹಿಗ್ಗಿದುದು ದೋಷ. ಎರಡಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳು ಎಂದಿಗೂ ಮರೆಯಬಾರದು.

6. ಚಿತ್ರವನ್ನು ಸಿದ್ಧಪಡಿಸುವ ಕ್ರಮ

ಮೊದಲು, ಚಿತ್ರವು ಯಾವ ತೆರೆಯ ಮೇಲೆ ಕಾಣಬೇಕು ಎಂಬುದನ್ನು ವಿಚಾರಿಸಿ ತಿಳಿಯಬೇಕು. ಈಗಿನ ದೂರದರ್ಶನದ ತೆರೆಗೆ 1920×1080 ಸಾಕು. ಹಳೆಯ ಪ್ರೊಜೆಕ್ಟರುಗಳಲ್ಲಿ 1024×768 ಇರುವುದುಂಟು, ಕೆಲವು 1280×800. ಆ ಅಂಕೆಯ ಹಾಳೆಯನ್ನೇ ತೆರೆದು ಕೆಲಸಕ್ಕೆ ತೊಡಗತಕ್ಕದ್ದು.

ಎರಡನೆಯದಾಗಿ, ಹಾಳೆಯ ಮೇಲೆ ಬೇರೆ ಚಿತ್ರವನ್ನು ಇರಿಸಿ ಹಿಗ್ಗಿಸುವಾಗ ಅದರ ಮೂಲೆಯನ್ನು ಹಿಡಿದು, ಅಗಲ ಎತ್ತರಗಳು ಒಟ್ಟಿಗೆ ಬದಲಾಗುವಂತೆ ಎಳೆಯಬೇಕು. ಪಕ್ಕವನ್ನು ಹಿಡಿದು ಎಳೆಯಬಾರದು.

ಮೂರನೆಯದಾಗಿ, 4:3ರ ಹಳೆಯ ಚಿತ್ರವನ್ನು 1920×1080ರ ಹಾಳೆಗೆ ತರುವಾಗ ಅದನ್ನು 1440×1080ರಷ್ಟೇ ಮಾಡಿ, ಎಡಬಲಗಳಲ್ಲಿ 240ರಂತೆ ಜಾಗವನ್ನು ಖಾಲಿ ಬಿಡಬೇಕು. ಪಕ್ಕದ ಕಪ್ಪು ಪಟ್ಟಿಯನ್ನು ಅವಲಕ್ಷಣವೆಂದು ಭಾವಿಸುವವರಿದ್ದಾರೆ. ಗೋಡೆಯ ಮೇಲಣ ಚಿತ್ರಪಟವು ಗೋಡೆಯಷ್ಟು ಅಗಲವಿಲ್ಲವೆಂದು ನಾವು ಅದನ್ನು ಜಗ್ಗುತ್ತೇವೆಯೆ? ತೀರ ಬೇಡವೆಂದರೆ ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿಕೊಳ್ಳಬಹುದು. ಕತ್ತರಿಸಿದ ಚಿತ್ರವು ಕಡಿಮೆ ಹೇಳುತ್ತದೆ, ಸುಳ್ಳು ಹೇಳುವುದಿಲ್ಲ.

ನಾಲ್ಕನೆಯದಾಗಿ, ಪಾಠಕ್ಕೆ ಮೊದಲು ಒಂದು ವೃತ್ತವನ್ನು ತೆರೆಯ ಮೇಲೆ ಹಾಕಿ ಅಳತೆಪಟ್ಟಿಯಿಂದ ಅಡ್ಡಕ್ಕೂ ಉದ್ದಕ್ಕೂ ಅಳೆಯಬೇಕು. ದೂರದರ್ಶನ ಕೇಂದ್ರಗಳ ಪರೀಕ್ಷಾಚಿತ್ರದ ನಡುವೆ ದೊಡ್ಡ ವೃತ್ತವಿರುತ್ತಿದ್ದುದು ಇಂಥ ಪರೀಕ್ಷೆಗಾಗಿಯೇ. ಕಣ್ಣನ್ನು ಮಾತ್ರ ನಂಬಬಾರದು. ಸ್ವಲ್ಪ ಹೊತ್ತಿನಲ್ಲಿ ಕಣ್ಣು ಯಾವ ವಕ್ರತೆಗಾದರೂ ಹೊಂದಿಕೊಂಡುಬಿಡುತ್ತದೆ.

ವೃತ್ತವು ಮೊಟ್ಟೆಯಾಗಿ ಕಂಡರೆ ದೋಷವು ಎಲ್ಲಿದೆಯೆಂದು ಹುಡುಕಬೇಕು. ಎಲ್ಲ ತೆರೆಗಳ ಮೇಲೂ ಹಾಗೆಯೇ ಕಂಡರೆ ದೋಷವು ಚಿತ್ರದಲ್ಲಿದೆ. ಒಂದೇ ತೆರೆಯ ಮೇಲೆ ಹಾಗೆ ಕಂಡರೆ ದೋಷವು ಆ ತೆರೆಯ ವ್ಯವಸ್ಥೆಯಲ್ಲಿದೆ. ರಿಮೋಟಿನಲ್ಲಿರುವ ಚಿತ್ರದ ಅಳತೆಯ ಆಯ್ಕೆಯನ್ನು ಬದಲಿಸಿದರೆ ಸರಿಹೋಗುತ್ತದೆ. ಒಂದು ತೆರೆಯ ದೋಷಕ್ಕಾಗಿ ಸರಿಯಾದ ಚಿತ್ರವನ್ನು ತಿದ್ದಿದರೆ, ಅದು ಮಿಕ್ಕ ತೆರೆಗಳ ಮೇಲೆಲ್ಲ ಕೆಡುವುದು.

7. ನಮ್ಮ ಅಕ್ಷರಗಳ ವಿಷಯ

ಕನ್ನಡ ಲಿಪಿಯು ದುಂಡುಲಿಪಿ. ಜಗ್ಗುವಿಕೆಯು ಇಂಥ ಲಿಪಿಯಲ್ಲಿ ಬೇಗ ಬಯಲಾಗುತ್ತದೆ. ಸೊನ್ನೆಯನ್ನು ಅಥವಾ ‘ಠ’ ಅಕ್ಷರವನ್ನು ಜಗ್ಗಿ ನೋಡಿರಿ. ಅದರ ಸೊಗಸು ಆ ಕ್ಷಣವೇ ಹೋಗುತ್ತದೆ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಸಾಕಷ್ಟು ಜಾಗವನ್ನು ಬಿಡತಕ್ಕದ್ದು. ಜಾಗ ಸಾಲದೆಂದು ಅಕ್ಷರಗಳ ಎತ್ತರವನ್ನು ಮಾತ್ರ ಅಮುಕಿದರೆ ಎಳೆಯ ಮಕ್ಕಳಿಗೆ ಒತ್ತು ಯಾವುದು, ಅಕ್ಷರ ಯಾವುದು ತಿಳಿಯದು. ಹಳೆಯ ದೂರದರ್ಶನದಲ್ಲಿ ಒಂದು ಬಾರಿ ಬೆಸ ಗೆರೆಗಳನ್ನೂ ಮತ್ತೊಂದು ಬಾರಿ ಸರಿ ಗೆರೆಗಳನ್ನೂ ತೋರಿಸುತ್ತಿದ್ದುದರಿಂದ, ಒಂದೇ ಗೆರೆಯಷ್ಟು ತೆಳುವಾದ ತಲೆಕಟ್ಟು ಮಿಣುಕುತ್ತಿತ್ತು. ತಲೆಕಟ್ಟು ಎರಡು ಮೂರು ಗೆರೆ ದಪ್ಪವಿದ್ದರೆ ಅದು ನಿಲ್ಲುತ್ತದೆ. ಹಳೆಯ ಪೆಟ್ಟಿಗೆಗಳು ಚಿತ್ರದ ಅಂಚನ್ನು ತಮ್ಮ ಚೌಕಟ್ಟಿನೊಳಗೆ ಮುಚ್ಚಿಬಿಡುತ್ತಿದ್ದುವಾಗಿ, ಬರಹವನ್ನು ನಡುವಣ ನೂರಕ್ಕೆ ಎಂಬತ್ತು ಭಾಗದೊಳಗೆ ಇರಿಸುವುದು ಪದ್ಧತಿಯಾಗಿತ್ತು. ಹೊಸ ತೆರೆಗಳಿಗೂ ಈ ಎಚ್ಚರಿಕೆಯು ಒಳ್ಳೆಯದೇ.

8. ಪೋಷಕರಲ್ಲಿ ಒಂದು ಮಾತು

ಅನೇಕ ಮನೆಗಳಲ್ಲಿ ಮದುವೆ, ಜಾತ್ರೆ, ಶಾಲೆಯ ವಾರ್ಷಿಕೋತ್ಸವಗಳ ಹಳೆಯ ಕ್ಯಾಸೆಟ್ಟುಗಳೂ ಡಿವಿಡಿಗಳೂ ಉಳಿದಿವೆ. ಅವುಗಳನ್ನು ಈಗ ಹೊಸ ರೂಪಕ್ಕೆ ಬದಲಿಸಿಕೊಳ್ಳುವವರು ಮೇಲಿನ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. 4:3ರ ಚಿತ್ರದ 720×576 ಚುಕ್ಕಿಗಳನ್ನು ಚೌಕವೆಂದು ಎಣಿಸಿ ಬದಲಿಸಿದರೆ ಎಲ್ಲರೂ ತುಸು ಸಣಕಲಾಗುತ್ತಾರೆ. ಅಗಲ ತೆರೆಗೆ ಜಗ್ಗಿದರೆ ಎಲ್ಲರೂ ದಪ್ಪಗಾಗುತ್ತಾರೆ. ಬದಲಿಸಿಕೊಡುವವರಿಗೆ ‘ಚಿತ್ರವನ್ನು 4:3ರಲ್ಲಿಯೇ ಇಡಿರಿ, ಮೂಲದ ಕ್ಯಾಸೆಟ್ಟನ್ನು ಹಿಂದಕ್ಕೆ ಕೊಡಿರಿ’ ಎಂದು ಸ್ಪಷ್ಟವಾಗಿ ಹೇಳಬೇಕು. ಗತಿಸಿದ ಹಿರಿಯರ ಮುಖವನ್ನು ಮೊಮ್ಮಕ್ಕಳು ನೋಡುವುದು ಆ ಚಿತ್ರದಲ್ಲಿ ಮಾತ್ರ. ಅಜ್ಜನನ್ನು ಕಂಡವರು ಮನೆಯಲ್ಲಿ ಇರುವವರೆಗೆ ‘ಅವರು ಹೀಗಿರಲಿಲ್ಲ’ ಎಂದು ಹೇಳಬಲ್ಲರು; ಅವರೂ ಇಲ್ಲದ ಕಾಲಕ್ಕೆ ಚಿತ್ರವೇ ಸಾಕ್ಷಿ. ಆ ಸಾಕ್ಷಿಯನ್ನು ಸರಿಯಾಗಿ ಇಟ್ಟುಹೋಗುವುದು ನಮ್ಮ ಹೊಣೆ.

9. ಅಭ್ಯಾಸ

(ಅ) ಒಂದು ಕ್ಯಾಮೆರಾವು 16:9ರ ಚಿತ್ರವನ್ನು 1440×1080 ಚುಕ್ಕಿಗಳಲ್ಲಿ ಇಡುತ್ತದೆ. ಚುಕ್ಕಿಯ ಪ್ರಮಾಣವೆಷ್ಟು?

(ಆ) ಅಂಗುಲಕ್ಕೆ ಹಾಸು 72, ಹೊಕ್ಕು 48 ಎಳೆಯ ಬಟ್ಟೆಯಲ್ಲಿ ಎರಡು ಅಂಗುಲದ ದುಂಡು ಹೂವಿಗೆ ನಕ್ಷೆಯಲ್ಲಿ ಎಷ್ಟು ಮನೆ ಅಗಲ, ಎಷ್ಟು ಮನೆ ಎತ್ತರ ಬೇಕು?

(ಇ) 1024×768ರ ಚಿತ್ರವನ್ನು 1280×800ರ ತೆರೆಯ ತುಂಬ ಹರಡಿದೆ. ತೆರೆಯ ಚುಕ್ಕಿಗಳು ಚೌಕ. ವೃತ್ತದ ಅಗಲವು ಎತ್ತರದ ಎಷ್ಟರಷ್ಟಾಗುವುದು?

(ಈ) ಮನೆಯ ಮೊಬೈಲಿನಲ್ಲಿ ಒಂದು ರೂಪಾಯಿ ನಾಣ್ಯದ ಚಿತ್ರವನ್ನು ನೇರ ಎದುರಿನಿಂದ ತೆಗೆದು, ಶಾಲೆಯ ತೆರೆಯ ಮೇಲೆ ತೋರಿಸಿ, ಅಡ್ಡಕ್ಕೂ ಉದ್ದಕ್ಕೂ ಅಳೆದು ಬರೆಯಿರಿ.

ಉತ್ತರಗಳು: (ಅ) 4/3. (ಆ) 144 ಮನೆ ಅಗಲ, 96 ಮನೆ ಎತ್ತರ. (ಇ) 6/5ರಷ್ಟು. ನಾಲ್ಕನೆಯದರ ಉತ್ತರವು ನಿಮ್ಮ ಶಾಲೆಯ ತೆರೆಯಲ್ಲಿದೆ. ಎರಡು ಅಳತೆಗಳು ಸಮನಾಗಿ ಬಂದರೆ ಸಂತೋಷ. ಬಾರದಿದ್ದರೆ ಉಪಾಧ್ಯಾಯರಿಗೆ ತಿಳಿಸಿ, ಮುಂದಿನ ಪಾಠಕ್ಕೆ ಮೊದಲು ಅವರೊಡನೆ ನೀವೇ ಸರಿಪಡಿಸಿರಿ.